ವಿಕ್ಟೋರಿಯಾ ಕಾಲದ ಆಲ್ಬಂ ಸಿಕ್ಕಿದೆ, ಒಳಗಿರುವವರು ಯಾರು ಅಂತ ಪತ್ತೆ ಮಾಡುವುದು ಹೇಗೆ?

ಲೀಡ್ಸ್_ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಕಳೆದ ಭಾನುವಾರ ಊರಾಚೆಯ ಮೈದಾನದಲ್ಲಿ ನಡೆಯುವ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಹುಡುಕಿದ್ದು ಮಗಳಿಗೊಂದು ಸೈಕಲ್, ಸಿಕ್ಕಿದ್ದು ಒಂದು ಆಲ್ಬಂ. ಚರ್ಮದ ಹೊದಿಕೆ, ಹಿತ್ತಾಳೆ ಕೊಂಡಿ, ದಪ್ಪ ರಟ್ಟಿನ ಹಾಳೆಗಳು. ಪ್ರತಿ ಹಾಳೆಯಲ್ಲೂ ಕಿಟಕಿಯ ಹಾಗೆ ಕತ್ತರಿಸಿ ಅದರೊಳಗೆ ಫೋಟೋ ತೂರಿಸಿದ್ದಾರೆ. ಒಟ್ಟು 38 ಫೋಟೋ. 15 ಪೌಂಡ್ ಕೊಟ್ಟು ತಂದೆ. ಮಾರುತ್ತಿದ್ದವರಿಗೆ ಯಾರ ಮನೆಯದು ಅಂತ ಗೊತ್ತಿಲ್ಲ, ಯಾವುದೋ ಮನೆ ಖಾಲಿ ಮಾಡಿಸುವಾಗ ಬಂದದ್ದಂತೆ.

ರಾತ್ರಿ ಊಟ ಆದ ಮೇಲೆ ಒಂದೊಂದೇ ಹಾಳೆ ತಿರುವುತ್ತಾ ಕೂತೆ. ಮನಸ್ಸಿಗೆ ಒಂಥರಾ ಆಯಿತು. ಇಷ್ಟೊಂದು ಮುಖ, ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ, ಒಬ್ಬರ ಹೆಸರೂ ಇಲ್ಲ. ಯಾರದೋ ಮನೆಯ ಅಜ್ಜ ಅಜ್ಜಿ ಅಲ್ವಾ ಇವರು. ಪತ್ತೆ ಹಚ್ಚಿ ಅವರ ಕಡೆಯವರಿಗೆ ತಲುಪಿಸಬೇಕು ಅಂತ ಆಸೆ.

ಮುಖ್ಯವಾದವು ಹೇಳುತ್ತೇನೆ. ಮೊದಲ ಹಾಳೆಯಲ್ಲಿ ಕುರ್ಚಿ ಹಿಡಿದು ನಿಂತ ನಲವತ್ತರ ಆಸುಪಾಸಿನ ಗಂಡಸು, ಕೆಳಗೆ "ಓ. ಸರೋನಿ, ಸ್ಕಾರ್ಬರೋ" ಎಂದು ಅಚ್ಚಾಗಿದೆ. ಎರಡನೆಯದರಲ್ಲಿ ಪುಟ್ಟ ಮಗುವನ್ನು ಬೆನ್ನ ಮೇಲೆ ಉಪ್ಪಿನಮೂಟೆ ಹೊತ್ತ ಚೆಂದದ ಹೆಂಗಸು, ಇವರು ಆ ಗಂಡಸಿನ ಹೆಂಡತಿ ಇರಬಹುದು ಅಂದುಕೊಂಡಿದ್ದೇನೆ. ಆಮೇಲೆ ಫ್ರಾಕ್ ಹಾಕಿದ ಇಬ್ಬರು ಹೆಣ್ಣುಮಕ್ಕಳು. ಪೂರ್ತಿ ಕಪ್ಪು ಉಡುಪಿನ ಒಬ್ಬ ಹೆಂಗಸು, ವಿಧವೆ ಇರಬೇಕು, ಹಿಂದೆ ಪೆನ್ಸಿಲಿನಲ್ಲಿ "ಆಂಟ್ ಪಾಲಿ" ಅಂತಿದೆ. ತಗಡಿನ ಮೇಲೆ ಮೂಡಿದ ಒಬ್ಬ ಹುಡುಗನ ಚಿತ್ರ. ಕೊನೆಯ ಹಾಳೆಯದು ನೋಡಿ ನನ್ನ ಕೈ ಅಲ್ಲೇ ನಿಂತುಬಿಟ್ಟಿತು: ಬಿಳಿ ಫ್ರಾಕಿನ ಇಂಗ್ಲಿಷ್ ಮಗು, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ ಸೀರೆಯ ಹೆಂಗಸು, ಮೂಗುತಿ, ಕೈತುಂಬ ಬಳೆ. ಕೆಳಗೆ "ಬಾರ್ಟನ್ ಸನ್ ಅಂಡ್ ಕೋ., ಬೆಂಗಳೂರು". ಹಿಂದೆ "ಬೇಬಿ ಅಂಡ್ ಆಯಾ" ಅಂತ ಮಾತ್ರ.

ಮೊದಲ ಗಂಡಸಿನ ಫೋಟೋವನ್ನು ಮುಖ ಹೋಲಿಸಿ ಹೇಳುವ ಒಂದು ವಂಶವೃಕ್ಷದ ತಾಣಕ್ಕೆ ಹಾಕಿದೆ. ಅದು 1858ರಲ್ಲಿ ಹುಟ್ಟಿದ ಒಬ್ಬರ ಹೆಸರು ಕೊಟ್ಟಿತು. ನಂಬಬಹುದಾ? ಎಲ್ಲಿಂದ ಶುರು ಮಾಡಲಿ?

ಬೆಳ್ಳಿಉಪ್ಪು

ಮೇಡಂ, ದಯವಿಟ್ಟು ಒಂದೂ ಫೋಟೋ ಹೊರಗೆ ತೆಗೆಯುವ ಮೊದಲು ಆಲ್ಬಮ್ಮಿನ ಪ್ರತಿ ಹಾಳೆಯನ್ನು ಇದ್ದ ಹಾಗೇ, ಅದೇ ಕ್ರಮದಲ್ಲಿ, ಮೊಬೈಲಿನಲ್ಲಾದರೂ ತೆಗೆದಿಟ್ಟುಕೊಳ್ಳಿ. ಯಾರ ಪಕ್ಕ ಯಾರಿದ್ದಾರೆ ಅನ್ನುವುದೇ ದೊಡ್ಡ ಸುಳಿವು. ಜೋಡಿಸಿದವರಿಗೆ ಇವರೆಲ್ಲ ಗೊತ್ತಿದ್ದರು, ಅವರ ತಲೆಯಲ್ಲಿದ್ದ ಲೆಕ್ಕ ಈಗ ಉಳಿದಿರುವುದು ಆ ಕ್ರಮದಲ್ಲಿ ಮಾತ್ರ. ಒಮ್ಮೆ ಕಲಸಿದರೆ ಮತ್ತೆ ಸಿಗುವುದಿಲ್ಲ. ನಾನು ಮೊದಮೊದಲು ಕೊಂಡ ಎರಡು ಆಲ್ಬಂಗಳನ್ನು ಹಾಗೆ ಬಿಡಿಸಿ ಹಾಳುಮಾಡಿದ್ದೇನೆ, ಇವತ್ತಿಗೂ ಅದರ ನೋವಿದೆ.

ಆಮೇಲೆ ಮುಖ ಬಿಡಿ, ರಟ್ಟು ನೋಡಿ. ಎಲ್ಲರೂ ಕಣ್ಣು ಮೂಗಿನಿಂದ ಶುರು ಮಾಡುತ್ತಾರೆ, ಅದು ಕೊನೆಗೆ ನೋಡಬೇಕಾದದ್ದು. ನಿಮ್ಮವು ಹೆಚ್ಚಿನವು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದ ಇದ್ದರೆ ಅವು ಕಾರ್ತ್ ದ ವಿಸೀತ್, ಅಂದರೆ ಭೇಟಿ ಚೀಟಿಯ ಅಳತೆಯವು. ಪ್ಯಾರಿಸಿನ ಡಿಸ್ಡೇರಿ 1854ರಲ್ಲಿ ಪೇಟೆಂಟ್ ಮಾಡಿಸಿದ್ದು. ಒಂದೇ ಗಾಜಿನ ಫಲಕದ ಮೇಲೆ ಹಲವು ಚಿತ್ರ ತೆಗೆಯಬಹುದಾಗಿತ್ತು, ಅದರಿಂದ ಬೆಲೆ ಇಳಿಯಿತು. ಇಂಗ್ಲೆಂಡಿನಲ್ಲಿ ಇದರ ಹುಚ್ಚು ಹತ್ತಿದ್ದು 1860ರಲ್ಲಿ ಮೇಯಲ್ ಎಂಬ ಫೋಟೋಗ್ರಾಫರ್ ರಾಣಿ ವಿಕ್ಟೋರಿಯಾ ಕುಟುಂಬದ ಚಿತ್ರಗಳನ್ನು ಈ ಅಳತೆಯಲ್ಲಿ ಹೊರತಂದ ಮೇಲೆ. ನಿಮ್ಮ ಕೈಯಲ್ಲಿರುವಂಥ ಕಿಟಕಿಯ ಆಲ್ಬಂ ಹುಟ್ಟಿದ್ದೂ ಇವನ್ನು ಇಡಲಿಕ್ಕೇ. ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಉದ್ದದವು ಕ್ಯಾಬಿನೆಟ್ ಕಾರ್ಡ್, ಬಂದದ್ದು 1866ರಲ್ಲಿ, ಎಲ್ಲರ ಮನೆಗೆ ಹೋದದ್ದು ಸ್ವಲ್ಪ ತಡವಾಗಿ.

ಸಣ್ಣ ಕಾರ್ಡಿನ ರಟ್ಟು ತೆಳ್ಳಗಿದ್ದು ಮೂಲೆ ಚೂಪಾಗಿದ್ದರೆ ಸಾಮಾನ್ಯವಾಗಿ 1860ರ ದಶಕ. ಮೂಲೆ ದುಂಡಗಾಗಿ ರಟ್ಟು ದಪ್ಪಗಾದರೆ 70ರ ದಶಕದ ಮೇಲೆ. ಅಂಚಿಗೆ ಚಿನ್ನದ ಬಣ್ಣ, ಕಪ್ಪು ಅಥವಾ ಕಡುಹಸಿರು ರಟ್ಟು, ಹಿಂಬದಿ ತುಂಬಾ ಬಳ್ಳಿ, ಬೀಸಣಿಗೆ ಚಿತ್ರ ಇದ್ದರೆ 80, 90ರ ದಶಕ. ಹಿಂದೆ ಪದಕಗಳ ಚಿತ್ರ, ಅದರಲ್ಲಿ ಇಸವಿ ಇದ್ದರೆ ಫೋಟೋ ಅದಕ್ಕಿಂತ ಹಿಂದಿನದಾಗಿರಲಾರದು. ಪೆನ್ಸಿಲಿನಲ್ಲಿ ಬರೀ ಒಂದು ನಂಬರ್ ಇದ್ದರೆ ಅದು ಸ್ಟುಡಿಯೋದವರ ನೆಗೆಟಿವ್ ನಂಬರ್ ಇರಬಹುದು, ಅದನ್ನು ಬಿಡದೆ ಬರೆದಿಟ್ಟುಕೊಳ್ಳಿ.

ಈಗ ನಿಮ್ಮ ಸರೋನಿ. ಆಲಿವರ್ ಸರೋನಿ ಕೆನಡಾದಲ್ಲಿ ಹುಟ್ಟಿದವರು, ಸ್ಕಾರ್ಬರೋದಲ್ಲಿ ಬಹಳ ದೊಡ್ಡ ಸ್ಟುಡಿಯೋ ಕಟ್ಟಿದರು, 1879ರಲ್ಲಿ ತೀರಿಕೊಂಡರು. ನಿಮ್ಮ ಕಾರ್ಡಿನ ಮೇಲೆ ಅವರ ಹೆಸರೇ ಇದೆ. ಆ ಗಂಡಸಿಗೆ ನಲವತ್ತು ವಯಸ್ಸು ಅಂತೀರಿ. 1858ರಲ್ಲಿ ಹುಟ್ಟಿದವರಿಗೆ 1879ಕ್ಕೆ ಇಪ್ಪತ್ತೊಂದು. ಮೂಲೆ ಚೂಪಾಗಿದೆಯಾ ನೋಡಿ, ಚೂಪಾಗಿದ್ದರೆ ಆ ಹೆಸರಿನವರು ಆಗ ಇನ್ನೂ ಲಗೋರಿ ಆಡುವ ವಯಸ್ಸಿನ ಹುಡುಗ. ಆದ್ದರಿಂದ ಆ ಹೆಸರನ್ನು ಈಗಲೇ ತೆಗೆದುಹಾಕಿ. ಸುಮ್ನೆ ಬಿಟ್ಟರೆ ಇನ್ನೊಬ್ಬರು ತಮ್ಮ ಮನೆತನದ ಪಟ್ಟಿಗೆ ಅಂಟಿಸಿಕೊಳ್ಳುತ್ತಾರೆ, ಅಲ್ಲಿಂದ ಮತ್ತೊಬ್ಬರು. ಹಾಗೆ ಹರಡಿದ ತಪ್ಪು ಹೆಸರನ್ನು ವಾಪಸ್ ಪಡೆಯಲು ನಾನು ಪಟ್ಟ ಪಾಡು ಸಾಕಾಗಿದೆ.

ಇನ್ನೊಂದು ಮಾತು. ಸ್ಕಾರ್ಬರೋ ಸಮುದ್ರ ತೀರದ ಊರು. ರಜೆಗೆ ಹೋದವರು ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸ್ಟುಡಿಯೋ ಇರುವ ಊರೇ ಅವರ ಊರು ಅಂತ ಹಿಡಿದುಕೊಂಡು ಹುಡುಕಬೇಡಿ.

ಆ ಉಪ್ಪಿನಮೂಟೆ ಹೊತ್ತ ಹೆಂಗಸಿನದು ಮಾತ್ರ ದಯವಿಟ್ಟು ಇಲ್ಲಿ ಹಾಕಿ. ನನಗೊಂದು ಅನುಮಾನ ಇದೆ.

ಲೀಡ್ಸ್_ಕನ್ನಡತಿ

ಸರ್, ಹಾಕಿದ್ದೇನೆ ನೋಡಿ. ಸರೋನಿ ಕಾರ್ಡಿನ ಮೂಲೆ ಚೂಪಾಗಿಯೇ ಇದೆ, ರಟ್ಟೂ ತೆಳು. ಹೆಸರು ತೆಗೆದುಬಿಟ್ಟೆ.

ಬೆಳ್ಳಿಉಪ್ಪು

ಅಂದುಕೊಂಡ ಹಾಗೇ ಆಯಿತು. ಇವರು ಅಲೆಕ್ಸಾಂಡ್ರಾ, ರಾಣಿ ವಿಕ್ಟೋರಿಯಾರ ಹಿರಿಮಗನ ಹೆಂಡತಿ, ಆಗಿನ ವೇಲ್ಸ್ ರಾಜಕುಮಾರಿ. ಬೆನ್ನ ಮೇಲಿರುವುದು 1867ರಲ್ಲಿ ಹುಟ್ಟಿದ ಮಗಳು ಲೂಯಿಸ್. ತೆಗೆದವರು ಡೌನಿ ಸಹೋದರರು, 1868ರಲ್ಲಿ. ಈ ಒಂದು ಚಿತ್ರ ಮೂರು ಲಕ್ಷ ಪ್ರತಿ ಮಾರಾಟವಾಯಿತು ಎಂದು ಹೇಳುತ್ತಾರೆ.

ಬೇಜಾರಾಗಬೇಡಿ. ಆ ಕಾಲದ ಆಲ್ಬಮ್ಮಿನಲ್ಲಿ ಎಲ್ಲರೂ ನೆಂಟರಲ್ಲ. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯ ಫೋಟೋ ಸಾಲಿನಲ್ಲೇ ಮಹಾರಾಜರ ಫೋಟೋ, ಗಾಂಧೀಜಿ ಫೋಟೋ ತೂಗುಹಾಕಿರುತ್ತಿದ್ದರಲ್ಲ, ಹಾಗೆ. ಅಂಗಡಿಯಲ್ಲಿ ರಾಜಮನೆತನದವರು, ಕವಿಗಳು, ಪಾದ್ರಿಗಳು, ನಾಟಕದವರ ಕಾರ್ಡುಗಳು ಸಿಗುತ್ತಿದ್ದವು, ಕೊಂಡು ತಂದು ಇಡುತ್ತಿದ್ದರು. ಹಾಗಾಗಿ 38ರಲ್ಲಿ ಇನ್ನೂ ಕೆಲವರು ಹೊರಗಿನವರು ಇರಬಹುದು. ಆದರೂ ಈ ಕಾರ್ಡ್ ನಿಮಗೊಂದು ಉಪಕಾರ ಮಾಡಿದೆ. 1868ಕ್ಕಿಂತ ಮೊದಲು ಇದು ಆ ಹಾಳೆಗೆ ಬಂದಿರಲು ಸಾಧ್ಯವಿಲ್ಲ.

ಕಾಗದದ_ದೋಣಿ

ನಾನು ರಂಗಭೂಮಿಗೆ ಉಡುಪು ಹೊಲಿಸುವ ಕೆಲಸದಲ್ಲಿದ್ದೇನೆ, ಹಾಗಾಗಿ ಬಟ್ಟೆಯ ಬಗ್ಗೆ ಹೇಳುತ್ತೇನೆ.

ಅಕ್ಕ, ನಿಮ್ಮ "ಇಬ್ಬರು ಹೆಣ್ಣುಮಕ್ಕಳ" ಫೋಟೋ ನೋಡಿದೆ. ಎಡಗಡೆ ನಿಂತಿರುವುದು ಗಂಡುಮಗು ಅಂತ ನನ್ನ ಅಂದಾಜು. ಆಗ ಗಂಡುಮಕ್ಕಳಿಗೂ ನಾಲ್ಕೈದು ವರ್ಷದವರೆಗೆ, ಕೆಲವು ಮನೆಗಳಲ್ಲಿ ಅದಕ್ಕೂ ಜಾಸ್ತಿ ದಿನ, ಫ್ರಾಕನ್ನೇ ಹಾಕುತ್ತಿದ್ದರು. ಮೊದಲ ಸಲ ಚಡ್ಡಿ ತೊಡಿಸುವುದು ಮನೆಯಲ್ಲೊಂದು ಸಣ್ಣ ಹಬ್ಬ. ಬೈತಲೆ ನೋಡಿ. ಬಲಗಡೆಯ ಮಗುವಿಗೆ ನಟ್ಟನಡುವೆ ಇದೆ, ಎಡಗಡೆಯದಕ್ಕೆ ಪಕ್ಕಕ್ಕೆ ತೆಗೆದಿದ್ದಾರೆ. ಹುಡುಗಿಯರಿಗೆ ನಡುವೆ, ಹುಡುಗರಿಗೆ ಪಕ್ಕಕ್ಕೆ, ಇದು ಬಹಳ ಮಟ್ಟಿಗೆ ನಡೆಯುತ್ತಿದ್ದ ರೂಢಿ. ಇದೊಂದರ ಮೇಲೇ ತೀರ್ಮಾನ ಬೇಡ, ಆದರೆ ಅಕ್ಕ ತಂಗಿ ಅಂತ ಹುಡುಕುತ್ತಾ ಹೋಗಿ ಅಕ್ಕ ತಮ್ಮನನ್ನು ಕಳೆದುಕೊಳ್ಳಬೇಡಿ.

ಕಾಲ ಹೇಳಲು ಹೆಂಗಸರ ಉಡುಪಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಲಂಗ ದೊಡ್ಡ ಗಂಟೆಯ ಹಾಗೆ ಸುತ್ತಲೂ ಹರಡಿದ್ದರೆ 1860ರ ದಶಕದ ಮೊದಲ ಭಾಗ. ದಶಕದ ಕೊನೆಗೆ ಮುಂಭಾಗ ಚಪ್ಪಟೆಯಾಗಿ ಬಟ್ಟೆಯೆಲ್ಲ ಹಿಂದಕ್ಕೆ ಸರಿಯುತ್ತದೆ. 1870ರ ದಶಕದ ಮೊದಲಲ್ಲಿ ಸೊಂಟದ ಹಿಂದೆ ದೊಡ್ಡ ಉಬ್ಬು. 1876ರ ಹೊತ್ತಿಗೆ ಆ ಉಬ್ಬು ಇಳಿದು ಮೈಗೆ ಕಚ್ಚಿ ಹಿಡಿದ ಉದ್ದನೆಯ ಮೇಲಂಗಿ. 1883ರಿಂದ ಐದಾರು ವರ್ಷ ಉಬ್ಬು ಮತ್ತೆ ಬಂತು, ಈ ಸಲ ಶೆಲ್ಫಿನ ಹಾಗೆ ಚೂಪಾಗಿ. ತೋಳು ಭುಜದ ಹತ್ತಿರ ಬಲೂನಿನ ಹಾಗೆ ಊದಿಕೊಂಡಿದ್ದರೆ ಕಣ್ಣುಮುಚ್ಚಿ 1890ರ ದಶಕದ ನಡುಭಾಗ ಅನ್ನಬಹುದು. ಆದರೆ ವಯಸ್ಸಾದವರು ಹತ್ತು ವರ್ಷ ಹಿಂದಿನ ಉಡುಪು ತೊಟ್ಟೇ ಫೋಟೋಗೆ ಬರುತ್ತಿದ್ದರು. ನಮ್ಮ ಅಜ್ಜಿ ಕೊನೆಯವರೆಗೂ ಒಂದೇ ಥರದ ತೋಳಿನ ರವಿಕೆ ಹೊಲಿಸುತ್ತಿದ್ದರು. ಅದಕ್ಕೇ ಗುಂಪಿನ ಫೋಟೋ ಇದ್ದರೆ ಅದರಲ್ಲಿ ಹದಿನೆಂಟು ಇಪ್ಪತ್ತರ ಹುಡುಗಿಯ ಬಟ್ಟೆ ನೋಡಿ ಕಾಲ ಹೇಳಬೇಕು.

ಆಂಟ್ ಪಾಲಿ ವಿಧವೆ ಅಂತ ಈಗಲೇ ಹೇಳಬೇಡಿ. ಬಟ್ಟೆ ಮಿರಮಿರ ಹೊಳೆಯುತ್ತಿದೆ, ಅದು ರೇಷ್ಮೆ. ಗಂಡ ಸತ್ತ ಹೊಸದರಲ್ಲಿ ತೊಡುತ್ತಿದ್ದದ್ದು ಕ್ರೇಪ್, ಅದಕ್ಕೆ ಹೊಳಪೇ ಇರುವುದಿಲ್ಲ. ಕಪ್ಪು ರೇಷ್ಮೆ ಆಗಿನವರ ಒಳ್ಳೆಯ ಉಡುಪು, ಫೋಟೋಗೆ ಹೋಗುವಾಗ ಅದನ್ನೇ ತೆಗೆಯುತ್ತಿದ್ದರು.

ಬೆಳ್ಳಿಉಪ್ಪು

ದೋಣಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಅದು ಕಪ್ಪೇ ಅಂತಲೂ ಹೇಳಲಾಗದು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಹೊರಗೆ ತಂದ ಕೊಲೋಡಿಯನ್ ಎಂಬ ಅಂಟಿನ ವಿಧಾನವೇ ಸುಮಾರು 1880ರವರೆಗೆ ಎಲ್ಲ ಸ್ಟುಡಿಯೋಗಳಲ್ಲೂ ನಡೆಯುತ್ತಿತ್ತು. ಆ ಅಂಟು ಬಳಿದ ಫಲಕಕ್ಕೆ ನೀಲಿ ಬೆಳಕು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಕೆಂಪು ಸೀರೆ ಕಪ್ಪಾಗಿ ಬರುತ್ತದೆ, ಹಳದಿಯೂ ಕಪ್ಪಗಾಗುತ್ತದೆ, ತಿಳಿನೀಲಿ ಬಿಳಿಯಾಗಿಬಿಡುತ್ತದೆ. ನೀಲಿ ಕಣ್ಣಿನವರ ಕಣ್ಣು ಬೆಳ್ಳಗೆ ಭೂತದ ಹಾಗೆ ಕಾಣುವುದು ಇದಕ್ಕೇ. ಮುಖದ ಮೇಲಿನ ಸಣ್ಣ ಮಚ್ಚೆಗಳು ಕಪ್ಪಾಗಿ ಎದ್ದು ಬರುತ್ತವೆ. ಮುಖ ಹೋಲಿಸುವಾಗ ಮನುಷ್ಯರೂ ಯಂತ್ರವೂ ಮೋಸ ಹೋಗುವುದಕ್ಕೆ ಇದೂ ಒಂದು ಕಾರಣ.

ತಗಡಿನ ಚಿತ್ರಕ್ಕೆ ಅಯಸ್ಕಾಂತ ಹಿಡಿದು ನೋಡಿ, ಕಬ್ಬಿಣವಾದ್ದರಿಂದ ಹಿಡಿದುಕೊಳ್ಳುತ್ತದೆ. ಅದಕ್ಕೆ ನೆಗೆಟಿವ್ ಇಲ್ಲ, ಕ್ಯಾಮೆರಾ ಒಳಗಿದ್ದ ತಗಡೇ ಕೈಗೆ ಬರುತ್ತದೆ. ಅದಕ್ಕೇ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಆ ಹುಡುಗನ ಕೋಟಿನ ಗುಂಡಿ ಹೆಂಗಸರ ಉಡುಪಿನ ಹಾಗೆ ಬಲಭಾಗ ಮೇಲೆ ಬಂದಿರಬೇಕು, ನೋಡಿ. ಬೇರೆ ಫೋಟೋ ಜೊತೆ ಹೋಲಿಸುವ ಮೊದಲು ತಿರುಗಿಸಿಕೊಳ್ಳಿ. ಬೈತಲೆ ಎಡಗಡೆ, ಇಲ್ಲಿ ಬಲಗಡೆ, ಇವನು ಬೇರೆಯವನು ಅಂತ ಜನ ಬಿಟ್ಟುಬಿಡುತ್ತಾರೆ.

ಗಾಳಿಮಳೆ_88

ಮೊದಲ ಫೋಟೋದಲ್ಲಿ ಆ ಮನುಷ್ಯನ ಕಾಲ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಬುಡ ಕಾಣುತ್ತಿದೆ. ಸತ್ತವರನ್ನು ಸ್ಟ್ಯಾಂಡಿಗೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು ಅಂತ ಎಲ್ಲೋ ಓದಿದ್ದೆ, ಇದು ಅದೇ ಅಲ್ವಾ?

ಬೆಳ್ಳಿಉಪ್ಪು

ಅಲ್ಲ. ಈ ಸುದ್ದಿ ಎಲ್ಲ ಕಡೆ ಓಡಾಡುತ್ತಿದೆ, ಪೂರ್ತಿ ಸುಳ್ಳು. ಅದು ಜೀವ ಇರುವವರಿಗೆ ಮಾಡಿದ್ದು. ಫಲಕಕ್ಕೆ ಬೆಳಕು ಬೀಳುವಷ್ಟು ಹೊತ್ತು ಕೆಲವು ಸೆಕೆಂಡು ತಲೆ ಅಲುಗಬಾರದು, ಹಾಗಾಗಿ ಕತ್ತಿನ ಹಿಂದೆ ಒಂದು ಕವೆ ತಾಗಿಸುತ್ತಿದ್ದರು. ಒಬ್ಬ ಮನುಷ್ಯನ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ಸತ್ತವರ ಫೋಟೋ ತೆಗೆಸುವ ವಾಡಿಕೆ ಇತ್ತು ನಿಜ, ಆದರೆ ಅವರನ್ನು ಹಾಸಿಗೆ ಮೇಲೆ, ಪೆಟ್ಟಿಗೆಯಲ್ಲಿ ಮಲಗಿಸಿ, ಮಗುವಾದರೆ ತಾಯಿಯ ಮಡಿಲಲ್ಲಿಟ್ಟು ತೆಗೆಯುತ್ತಿದ್ದರು. ಸ್ಟ್ಯಾಂಡ್ ಕಂಡರೆ ಆ ವ್ಯಕ್ತಿ ಬದುಕಿದ್ದರು ಅಂತಲೇ ಅರ್ಥ. ಹೆಣ ಅಂದರೆ ಜಾಸ್ತಿ ದುಡ್ಡು ಸಿಗುತ್ತದೆ ಅಂತ ಮಾರುವವರು ಹಾಗೆ ಬರೆಯುತ್ತಾರೆ. ಯಾರದೋ ಮನೆಯ ಹಿರಿಯರನ್ನು ಹಾಗೆ ಕರೆಯುವುದು ನನಗೆ ಸಹಿಸಲು ಆಗುವುದಿಲ್ಲ.

ಮುಂಗೋಳಿ

ದಾಖಲೆ ಹುಡುಕುವ ಕಡೆಯಿಂದ ನಾಲ್ಕು ಮಾತು. ನಾನು ಬರ್ಮಿಂಗ್‌ಹ್ಯಾಮಿನಲ್ಲಿದ್ದೇನೆ, ಇಲ್ಲಿನ ಗೆಳೆಯರ ಮನೆತನದ ಪಟ್ಟಿ ಮಾಡಲು ಸಹಾಯ ಮಾಡುತ್ತಾ ಮಾಡುತ್ತಾ ಕಲಿತದ್ದು.

ಲೀಡ್ಸ್ ಅಕ್ಕ, "ಪಾಲಿ" ಅಂತ ಜನನದ ದಾಖಲೆಯಲ್ಲಿ ಹುಡುಕಿದರೆ ನಿಮಗೆ ಬೇಕಾದವರು ಸಿಗದೇ ಹೋಗಬಹುದು. ಅದು ಮನೆಯಲ್ಲಿ ಕರೆಯುವ ಹೆಸರು, ನಮ್ಮಲ್ಲಿ ಪುಟ್ಟಿ, ಚಿನ್ನಿ ಇದ್ದ ಹಾಗೆ. ಪಾಲಿ ಅಂದರೆ ಹೆಚ್ಚಾಗಿ ಮೇರಿ. ನೆಲ್ಲಿ ಅಂದರೆ ಎಲೆನ್ ಅಥವಾ ಹೆಲೆನ್, ಫ್ಯಾನಿ ಅಂದರೆ ಫ್ರಾನ್ಸಿಸ್, ಹ್ಯಾರಿ ಅಂದರೆ ಹೆನ್ರಿ, ಜ್ಯಾಕ್ ಅಂದರೆ ಜಾನ್.

ಅದಕ್ಕಿಂತ ಮುಖ್ಯ, "ಆಂಟ್" ಅಂತ ಬರೆದದ್ದು ಯಾರು? ನಮ್ಮಲ್ಲಾದರೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಅಂತ ಬರೆದಿದ್ದರೆ ಅಪ್ಪನ ಕಡೆಯೋ ಅಮ್ಮನ ಕಡೆಯೋ ಸುಮಾರಾಗಿ ತಿಳಿದುಬಿಡುತ್ತಿತ್ತು. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಒಂದೇ ಮಾತು. ಪೆನ್ಸಿಲಿನ ಕೈಬರಹ ಎಲ್ಲ ಫೋಟೋಗಳ ಹಿಂದೆಯೂ ಒಂದೇನಾ ನೋಡಿ. ಎಷ್ಟೋ ಸಲ ಹೆಸರು ಬರೆದವರು ಐವತ್ತು ವರ್ಷ ಆದ ಮೇಲೆ ನೆನಪಿನಿಂದ ಬರೆದ ಮೊಮ್ಮಕ್ಕಳು. ಅವರಿಗೂ ತಪ್ಪಾಗುತ್ತದೆ.

ಒಂದೇ ಒಂದು ಮನೆತನದ ಹೆಸರು ಸಿಕ್ಕಿದರೆ ದಾರಿ ತೆರೆಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈನಿಂದ ಜನನ, ಮದುವೆ, ಮರಣ ಸರ್ಕಾರದಲ್ಲಿ ದಾಖಲಾಗಿದೆ. ಅದರ ಸೂಚಿಯನ್ನು ಫ್ರೀಬಿಎಂಡಿ ತಾಣದಲ್ಲಿ ಕಾಸಿಲ್ಲದೆ ನೋಡಬಹುದು. 1841ರಿಂದ ಹತ್ತು ವರ್ಷಕ್ಕೊಮ್ಮೆಯ ಜನಗಣತಿಯಲ್ಲಿ ಮನೆಯಲ್ಲಿದ್ದ ಪ್ರತಿಯೊಬ್ಬರ ಹೆಸರು, ವಯಸ್ಸು ಇದೆ, 1851ರಿಂದ ಮನೆಯ ಯಜಮಾನನಿಗೆ ಏನಾಗಬೇಕು ಅನ್ನುವುದೂ ಇದೆ. 1881ರ ಗಣತಿಯ ಬರಹ ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ. ಸ್ಟುಡಿಯೋದ ವಿಳಾಸ ಯಾವ ವರ್ಷದಲ್ಲಿ ಎಲ್ಲಿತ್ತು ಅಂತ ನೋಡಲು ಹಳೆಯ ವ್ಯಾಪಾರಿಗಳ ಡೈರೆಕ್ಟರಿಗಳಿವೆ, ಲೆಸ್ಟರ್ ವಿಶ್ವವಿದ್ಯಾಲಯದವರು ಬಹಳಷ್ಟನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಫೋಟೋಗ್ರಾಫರ್‌ಗಳು ಆಗಾಗ ಅಂಗಡಿ ಬದಲಿಸುತ್ತಿದ್ದರು. ಒಂದೇ ವಿಳಾಸದಲ್ಲಿ ಮೂರೇ ವರ್ಷ ಇದ್ದರೆ ನಿಮ್ಮ ಫೋಟೋ ಆ ಮೂರು ವರ್ಷದ್ದು.

38ರಲ್ಲಿ ಲಂಡನ್ ಸ್ಟುಡಿಯೋದವು ಯಾವುದಾದರೂ ಇದೆಯಾ?

ಲೀಡ್ಸ್_ಕನ್ನಡತಿ

ಒಂದಿದೆ ಅಣ್ಣ. ಟೋಪಿ ಕೈಯಲ್ಲಿ ಹಿಡಿದ ಗಂಡಸು, ಹಿಂದೆ ಪರದೆಯ ಮೇಲೆ ಕಾಡಿನ ಚಿತ್ರ. "ಕ್ಯಾಮಿಲ್ ಸಿಲ್ವಿ, 38 ಪೋರ್ಚೆಸ್ಟರ್ ಟೆರೇಸ್" ಅಂತಿದೆ. ಹಿಂದೆ ಪೆನ್ಸಿಲಿನಲ್ಲಿ ಐದಂಕಿಯ ಒಂದು ನಂಬರ್. ಮುಖ ನೋಡಿದರೆ ಸರೋನಿಯ ಗಂಡಸೇ ಅನ್ನಿಸುತ್ತದೆ, ಆದರೆ ಬೆಳ್ಳಿಉಪ್ಪು ಸರ್ ಹೇಳಿದ ಮೇಲೆ ಮುಖ ನಂಬಲು ಭಯ.

ಮುಂಗೋಳಿ

ಅಕ್ಕ, ಇದಕ್ಕಿಂತ ಒಳ್ಳೆಯ ಹೆಸರು ನೀವು ಹೇಳಲು ಸಾಧ್ಯವಿರಲಿಲ್ಲ! ಸಿಲ್ವಿ 1859ರಿಂದ 1868ರವರೆಗೆ ಲಂಡನ್ನಿನಲ್ಲಿ ಸ್ಟುಡಿಯೋ ನಡೆಸಿದ ಫ್ರೆಂಚ್ ಫೋಟೋಗ್ರಾಫರ್. ಬಂದ ಪ್ರತಿಯೊಬ್ಬರ ಫೋಟೋದ ಒಂದು ಪ್ರತಿಯನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ನಂಬರ್, ಹೆಸರು, ತಾರೀಕು ಬರೆದಿಡುವ ಪದ್ಧತಿ ಅಲ್ಲಿತ್ತು. ಆ ಪುಸ್ತಕಗಳು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿವೆ, ಸಾವಿರಾರು ಚಿತ್ರಗಳು ಅವರ ವೆಬ್‌ಸೈಟಿನಲ್ಲೇ ಇವೆ. ನಂಬರ್ ಹಿಡಿದು ಹುಡುಕಿ. ಸಿಕ್ಕಿದ ಚಿತ್ರದಲ್ಲಿ ಅದೇ ಟೋಪಿ, ಅದೇ ಪರದೆ, ಅದೇ ಬಟ್ಟೆಯ ಮಡಿಕೆ ಇದೆಯಾ ನೋಡಿ. ಮುಖ ಹೋಲುವುದು ಬೇರೆ, ಅದೇ ಫೋಟೋ ಆಗಿರುವುದು ಬೇರೆ.

ದಂಡುಪ್ರದೇಶ

ನಾನು ಬೆಂಗಳೂರಿನವನು, ಮನೆ ಫ್ರೇಜರ್ ಟೌನ್ ಹತ್ತಿರ. ನಿಮ್ಮ ಕೊನೆಯ ಹಾಳೆಯ ಬಗ್ಗೆ ಮಾತಾಡುತ್ತೇನೆ, ಉಳಿದದ್ದು ಬಲ್ಲವರು ಹೇಳಿದ್ದಾರೆ.

ಬಾರ್ಟನ್ ಸನ್ ಅಂಡ್ ಕೋ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ನಮ್ಮ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಹೆಸರಾದ ಸ್ಟುಡಿಯೋ. ಅಂದರೆ ಈ ಕಾರ್ಡ್ ಸರೋನಿ ಗಂಡಸಿನ ಕಾಲದ್ದಲ್ಲ, ಒಂದು ತಲೆಮಾರು ಈಚಿನದು. ಅವರ ಮಗನೋ ಮಗಳೋ ಬೆಂಗಳೂರಿಗೆ ಬಂದು, ಇಲ್ಲಿ ಹುಟ್ಟಿದ ಮಗುವಿನ ಫೋಟೋವನ್ನು ಊರಿಗೆ ಕಳಿಸಿರಬಹುದು.

ಮಗುವನ್ನು ಪತ್ತೆ ಮಾಡುವುದು ಅಷ್ಟು ಕಷ್ಟವಲ್ಲ. ಬೆಂಗಳೂರಿನ ಇಂಗ್ಲಿಷ್ ಚರ್ಚುಗಳು ಮದ್ರಾಸಿನ ಬಿಷಪ್ ಕೆಳಗಿದ್ದವು, ಹಾಗಾಗಿ ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿಯಂಥ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿಯ ವಿವರಗಳ ಪ್ರತಿ ಮದ್ರಾಸಿನ ಕಡತದಲ್ಲಿ ಸೇರಿ ಲಂಡನ್ನಿಗೆ ಹೋಗುತ್ತಿತ್ತು. ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸಾಲಿನಲ್ಲಿದೆ. ಮೈಸೂರು ಅಂತ ಹುಡುಕಬೇಡಿ, ಮದ್ರಾಸ್ ಅಂತ ಹುಡುಕಿ. ಫಿಬಿಸ್ ಅಂತ ಒಂದು ಸಂಘ ಇದೆ, ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳಿಗಾಗಿಯೇ ಇರುವುದು, ಅವರ ಸೂಚಿಯನ್ನು ಉಚಿತವಾಗಿ ನೋಡಬಹುದು.

ಆದರೆ ನೀವು ಕೇಳಿದ್ದು ಆ ಮಗುವನ್ನಲ್ಲ ಅಂತ ನನಗೆ ಗೊತ್ತು.

ಮಗುವನ್ನು ಕೂರಿಸಿಕೊಂಡ ಆ ಆಯಾಳ ಹೆಸರು ಚರ್ಚಿನ ಪುಸ್ತಕದಲ್ಲಿ ಇರುವುದಿಲ್ಲ. ಹಡಗಿನಲ್ಲಿ ಹೋದವರ ಪಟ್ಟಿ ಪತ್ರಿಕೆಯಲ್ಲಿ ಬರುತ್ತಿತ್ತು, ಅಲ್ಲೂ "ಶ್ರೀಮತಿ ಇಂಥವರು, ಮಗು ಮತ್ತು ಆಯಾ" ಅಂತ. ಆಯಾ ಅನ್ನುವುದೇ ಅವರಿಗೆ ಹೆಸರಾಗಿಬಿಟ್ಟಿತ್ತು, ಅದೂ ಪೋರ್ಚುಗೀಸರಿಂದ ಬಂದ ಮಾತು. ಸರ್ಕಾರವೇ 1868ರಿಂದ 1875ರವರೆಗೆ ಹಿಂದೂಸ್ತಾನದ ಜನರ ಫೋಟೋಗಳನ್ನು ಎಂಟು ಸಂಪುಟವಾಗಿ ಹೊರತಂದಾಗಲೂ ಬಹಳ ಜನರ ಕೆಳಗೆ ಬರೆದದ್ದು ಜಾತಿ, ಕಸುಬು ಮಾತ್ರ. ಎದುರಿಗೆ ಕೂತಿದ್ದವರ ಹೆಸರು ಕೇಳಲು ಎಷ್ಟು ಹೊತ್ತು ಬೇಕಿತ್ತು?

ಆದರೂ ಹುಡುಕುವ ಜಾಗಗಳಿವೆ. ಹಲವು ಆಯಾಗಳು ಮಕ್ಕಳನ್ನು ನೋಡಿಕೊಳ್ಳುತ್ತಾ ಇಂಗ್ಲೆಂಡಿಗೆ ಹೋಗಿದ್ದಾರೆ. ದೂರದೇಶಗಳಿಂದ ಬ್ರಿಟನ್ನಿಗೆ ಬಂದ ಹಡಗುಗಳ ಪಟ್ಟಿ 1878ರಿಂದ, ಅಲ್ಲಿಂದ ಹೊರಟವುಗಳ ಪಟ್ಟಿ 1890ರಿಂದ ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಉಳಿದಿದೆ. ವಾಪಸ್ ಕಳಿಸುವವರಿಲ್ಲದೆ ಲಂಡನ್ನಿನಲ್ಲೇ ಉಳಿದುಹೋದ ಆಯಾಗಳಿಗೆ ಒಂದು ವಸತಿ ಮನೆ ಇತ್ತು, ಮೊದಲು ಆಲ್ಡ್‌ಗೇಟಿನಲ್ಲಿ, 1900ರಿಂದ ಹ್ಯಾಕ್ನಿಯಲ್ಲಿ. ಹ್ಯಾಕ್ನಿಯ ಆ ಕಟ್ಟಡದ ಮೇಲೆ 2022ರಲ್ಲಿ, ಚರಿತ್ರೆಯ ಜಾಗ ಅಂತ ಗುರುತಿಸುವ ನೀಲಿ ಫಲಕ ಹಾಕಿದ್ದಾರೆ. ಜನಗಣತಿಯ ರಾತ್ರಿ ಇಂಗ್ಲಿಷ್ ಮನೆಯಲ್ಲಿ ಇದ್ದರೆ ಅವರನ್ನೂ ಬರೆದಿರುತ್ತಾರೆ, ಹೆಸರು ಎಷ್ಟೇ ಕೆಟ್ಟಿರಲಿ. ಆ ಕುಟುಂಬದ ಕಾಗದಪತ್ರ ಉಳಿದಿದ್ದರೆ ಅದರಲ್ಲೂ ಇರಬಹುದು. ಮಗು ಅವರನ್ನು ಹೆಸರು ಹಿಡಿದೇ ಕರೆದಿರುತ್ತದೆ.

ಒಂದು ಎಚ್ಚರಿಕೆ. ಬೆಂಗಳೂರು ಅಂದ ಕೂಡಲೇ ಅವರು ಕನ್ನಡದವರು ಅಂದುಕೊಳ್ಳಬೇಡಿ. ದಂಡಿನಲ್ಲಿ ಮನೆಗೆಲಸಕ್ಕಿದ್ದವರಲ್ಲಿ ತಮಿಳು ಮಾತಾಡುವವರು ಬಹಳ. ಸೀರೆ ಉಟ್ಟ ರೀತಿ, ಮೂಗುತಿ ಯಾವ ಕಡೆ ಇದೆ, ಬಳೆ ಗಾಜಿನದೋ ಲೋಹದ್ದೋ, ಇವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ ಹಾಕಿ. ನೋಡಿ ಹೇಳುವವರು ಸಿಗುತ್ತಾರೆ.

ಹೊಂಗೆಮರ

ಇದನ್ನು ಓದಿ ಬರೆಯದೆ ಇರಲಾಗಲಿಲ್ಲ. ನಮ್ಮ ಅಮ್ಮನ ಮುತ್ತಜ್ಜಿ ದಂಡಿನಲ್ಲಿ ಒಬ್ಬ ಮಿಲಿಟರಿ ಡಾಕ್ಟರ ಮನೆಯಲ್ಲಿ ಆಯಾ ಆಗಿದ್ದರಂತೆ. ಆ ಮನೆಯ ಮಕ್ಕಳ ಜೊತೆ ಫೋಟೋ ತೆಗೆಸಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಫೋಟೋ ಅವರ ಜೊತೆ ಹೋಯಿತು, ನಮ್ಮ ಮನೆಯಲ್ಲಿ ಹೆಸರು ಮಾತ್ರ ಉಳಿದಿದೆ. ನಿಮ್ಮಲ್ಲಿರುವುದು ಅವರೇ ಅಂತ ಹೇಳುತ್ತಿಲ್ಲ, ಹಾಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಇಂಥ ಫೋಟೋ ಇರುವವರು ಮಗುವಿನ ಹೆಸರು ಹುಡುಕಿ ಸುಮ್ಮನಾಗದೆ ಹೀಗೆ ಹಾಕಿದರೆ ಯಾರದೋ ಮನೆಯಲ್ಲಿ ಕಾಯುತ್ತಿರುವವರು ಇರುತ್ತಾರೆ. ಕತ್ತರಿಸದೆ ಪೂರ್ತಿ ಫೋಟೋ ಹಾಕಿ. ಮಗುವಿನ ಮುಖ ಮಾತ್ರ ಉಳಿಸಿ ಆಯಾಳ ಕೈಯನ್ನಷ್ಟೇ ಬಿಟ್ಟ ಫೋಟೋಗಳನ್ನು ಎಷ್ಟೋ ನೋಡಿದ್ದೇನೆ.

ಬೆಳ್ಳಿಉಪ್ಪು

ಹೊಂಗೆಮರ ಅವರು ಹೇಳಿದ್ದು ಎಲ್ಲ ಫೋಟೋಗೂ ಅನ್ವಯಿಸುತ್ತದೆ. ಹಾಕುವಾಗ ರಟ್ಟಿನ ಅಂಚು ಸಮೇತ, ಮುಂದೆ ಹಿಂದೆ ಎರಡೂ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಬಣ್ಣ ತುಂಬಿದ, ಯಂತ್ರದಿಂದ ಮುಖ ಚೊಕ್ಕ ಮಾಡಿದ ಪ್ರತಿ ಬೇಡವೇ ಬೇಡ. ಯಂತ್ರ ಮಸುಕಾದ ಜಾಗದಲ್ಲಿ ಬೇರೆ ಕಣ್ಣು ಕೂರಿಸುತ್ತದೆ, ಆಮೇಲೆ ನಾವು ಆ ಕಣ್ಣನ್ನು ಇಟ್ಟುಕೊಂಡು ನೆಂಟಸ್ತಿಕೆ ಹುಡುಕುತ್ತಾ ಕೂರುತ್ತೇವೆ. ಹಿಂದೆ ಬರೆಯಲೇಬೇಕಾದರೆ ಮೆತ್ತನೆ ಪೆನ್ಸಿಲ್, ಪೆನ್ ಬೇಡ. "ಹಿಂದೆ ಬರೆದಿದೆ", "ನನ್ನ ಊಹೆ", "ದಾಖಲೆಯಲ್ಲಿ ಸಿಕ್ಕಿದೆ" ಇವನ್ನು ಬೇರೆ ಬೇರೆಯಾಗಿ ಬರೆಯಿರಿ. ತಗಡಿನ ಚಿತ್ರ ಬಗ್ಗಿಸಬೇಡಿ, ಬಟ್ಟೆಯಲ್ಲಿ ಒರೆಸಬೇಡಿ.

ಲೀಡ್ಸ್_ಕನ್ನಡತಿ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಎರಡು ವಾರದಿಂದ ಮಗಳು ಮಲಗಿದ ಮೇಲೆ ಇದೇ ಕೆಲಸ.

ಸಿಲ್ವಿಯ ನಂಬರ್ ಸಿಕ್ಕಿತು. ಅದೇ ಟೋಪಿ, ಅದೇ ಕಾಡಿನ ಪರದೆ, ಬಲಗಾಲಿನ ಬೂಟಿನ ಮೇಲಿನ ಸುಕ್ಕು ಕೂಡ ಅದೇ. ಪಕ್ಕದಲ್ಲಿ ಹೆಸರು, 1861ರ ಒಂದು ತಾರೀಕು. ವಂಶದವರು ಈಗ ಬದುಕಿರಬಹುದು, ಹಾಗಾಗಿ ಮನೆತನದ ಹೆಸರು ಇಲ್ಲಿ ಹಾಕುವುದಿಲ್ಲ, ಅವರನ್ನು ಕೇಳಿ ಆಮೇಲೆ. ಅದೇ ಹೆಸರಿನವರು 1871ರ ಗಣತಿಯಲ್ಲಿ ಯಾರ್ಕ್‌ಷೈರಿನಲ್ಲಿದ್ದಾರೆ, ಉಣ್ಣೆ ವ್ಯಾಪಾರ, ಮನೆಯಲ್ಲಿ ಒಬ್ಬ ಮಗಳು, ಅವಳಿಗಿಂತ ಎರಡು ವರ್ಷ ಚಿಕ್ಕ ಮಗ. ಕಾಗದದ ದೋಣಿ ಅವರೇ, ಅಕ್ಕ ತಮ್ಮ! ಜೊತೆಗೆ ಮದುವೆಯಾಗದ ಒಬ್ಬ ತಂಗಿ, ಹೆಸರು ಮೇರಿ. ಸರೋನಿಯ ಗಂಡಸು ಇವರೇ ಅಂತ ಇನ್ನೂ ಬರೆದಿಲ್ಲ, "ಊಹೆ" ಸಾಲಿನಲ್ಲೇ ಇಟ್ಟಿದ್ದೇನೆ.

ಮದ್ರಾಸಿನ ಸೂಚಿಯಲ್ಲಿ ಅದೇ ಮನೆತನದ ಹೆಸರಿನ ಮೂರು ಮಕ್ಕಳ ದೀಕ್ಷಾಸ್ನಾನ ಬೆಂಗಳೂರಿನಲ್ಲಿ ಆಗಿದೆ, 1887ರಿಂದ 1892ರ ಒಳಗೆ. ಫೋಟೋದ ಮಗು ಮೂವರಲ್ಲಿ ಯಾರು ಅನ್ನುವುದು ಬಾಕಿ ಇದೆ. ಹಡಗಿನ ಪಟ್ಟಿ ಈ ವಾರ ಶುರು ಮಾಡುತ್ತೇನೆ.

ಕೊನೆಯ ಹಾಳೆಯ ಫೈಲಿಗೆ ಮೊದಲು "ಬೇಬಿ ಅಂಡ್ ಆಯಾ" ಅಂತಲೇ ಹೆಸರಿಟ್ಟಿದ್ದೆ. ಈಗ ಬದಲಿಸಿದ್ದೇನೆ: "ಮಹಿಳೆ, ಹೆಸರು ಹುಡುಕುತ್ತಿದ್ದೇವೆ, ಬೆಂಗಳೂರು ದಂಡು, ಮಡಿಲಲ್ಲಿ ಒಂದು ಮಗು". ದಂಡುಪ್ರದೇಶ ಅವರೇ, ಮೂಗುತಿ ಬಲಗಡೆ ಇದೆ, ಕಾಗದದ ಮೇಲಿನ ಪ್ರತಿ ಆದ್ದರಿಂದ ತಿರುಗಿಸುವ ಹಾಗಿಲ್ಲ ತಾನೆ? ಎಡಗೈಯಲ್ಲಿ ಒಂಬತ್ತು ಬಳೆ ಎಣಿಸಿದೆ, ಮೊಣಕೈ ಮೇಲೆ ಒಂದು ಕಡಗ. ಪೂರ್ತಿ ಸ್ಕ್ಯಾನ್ ಶನಿವಾರ ಹಾಕುತ್ತೇನೆ. ಹೊಂಗೆಮರ ಅವರೇ, ನಿಮ್ಮ ಮುತ್ತಜ್ಜಿ ಕೆಲಸಕ್ಕಿದ್ದ ಮನೆಯ ಡಾಕ್ಟರ ಹೆಸರು ನೆನಪಿದ್ದರೆ ನನಗೆ ಖಾಸಗಿಯಾಗಿ ಬರೆಯಿರಿ. ಪಟ್ಟಿ ನೋಡುವಾಗ ಅದನ್ನೂ ನೋಡುತ್ತೇನೆ.